ಉಲ್ಕೆಯ ಸದ್ದು ತಡವಾಗಿ ಕೇಳುವುದೇಕೆ?

ಪ್ರಶ್ನೆ: ದೊಡ್ಡ ಉಲ್ಕೆಯೊಂದು ಬೆಳಗಿ ಮಾಯವಾದ ಎಷ್ಟೋ ಹೊತ್ತಿನ ಮೇಲೆ ಗುಡುಗಿನಂಥ ಸದ್ದು ಕೇಳುವುದೇಕೆ?

ಉತ್ತರ: ಬೆಳಕು ಕಣ್ಣಿಗೆ ಬೀಳಲು ಕ್ಷಣವೂ ಬೇಡ. ಸದ್ದಿಗೆ ಮಾತ್ರ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಉಲ್ಕೆ ಶಬ್ದಕ್ಕಿಂತ ಹತ್ತಾರು ಪಟ್ಟು ವೇಗವಾಗಿ ನುಗ್ಗುವಾಗ ಎದುರಿನ ಗಾಳಿಗೆ ಸರಿದುಕೊಳ್ಳಲು ಸಮಯವೇ ಸಿಗುವುದಿಲ್ಲ. ಹಾಗೆ ಒತ್ತಿಹೋದ ಗಾಳಿಯೇ ಆಘಾತ ತರಂಗವಾಗಿ ನೆಲಕ್ಕಿಳಿಯುತ್ತದೆ.

ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ 2013ರ ಫೆಬ್ರುವರಿ 15ರ ಬೆಳಿಗ್ಗೆ ನಡೆದದ್ದು ಇದೇ. ಸುಮಾರು 20 ಮೀಟರ್ ಅಗಲದ ಬಂಡೆ ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬಂದು, 30 ಕಿ.ಮೀ.ಯಷ್ಟು ಎತ್ತರದಲ್ಲಿ ಸೂರ್ಯನನ್ನೂ ಮೀರಿಸಿ ಹೊಳೆದು ಸಿಡಿಯಿತು. ಆಗ ಗುಡುಗಿಲ್ಲ, ಏನಿಲ್ಲ. ಜನ ಕಿಟಕಿಗೆ ಬಂದು, ಆಕಾಶದಲ್ಲಿ ಉಳಿದ ಬಿಳಿ ಹೊಗೆಯ ಗೆರೆಯನ್ನು ನೋಡುತ್ತ ನಿಂತರು. ಎರಡು ನಿಮಿಷ ದಾಟಿದ ಮೇಲೆ ತರಂಗ ಅಪ್ಪಳಿಸಿತು, ಗಾಜುಗಳು ಪುಡಿಪುಡಿಯಾದವು. ಗಾಯಗೊಂಡ ಸುಮಾರು 1,500 ಮಂದಿಯಲ್ಲಿ ಹೆಚ್ಚಿನವರಿಗೆ ತಗುಲಿದ್ದು ಗಾಜು, ಕಲ್ಲಲ್ಲ. ನಿಜವಾಗಿ ಅಪಾಯ ಇರುವುದು ಆ ನಡುವಿನ ಮೌನದಲ್ಲೇ.

ಎಲ್ಲ ಉಲ್ಕೆಗಳೂ ಗುಡುಗುವುದಿಲ್ಲ. ಸಣ್ಣ ಕಣಗಳು ಗಾಳಿ ತೀರ ತೆಳುವಾಗಿರುವ ಎತ್ತರದಲ್ಲೇ ಉರಿದುಹೋಗುತ್ತವೆ. ಸದ್ದು ಕೇಳಿಸಿತೆಂದರೆ ಬಂಡೆ ಕೆಳಗಿನವರೆಗೆ ಇಳಿದಿದೆ, ಚೂರುಗಳು ನೆಲ ಮುಟ್ಟಿರಬಹುದು. ಚೆಬರ್ಕುಲ್ ಸರೋವರದಿಂದ ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೆಲ್ಯಾಬಿನ್ಸ್ಕ್ ಬಂಡೆಯ 600 ಕಿಲೋಗ್ರಾಂ ಮೀರಿದ ತುಂಡನ್ನೇ ಮೇಲೆತ್ತಿದರು.

ಅಂಥ ಬೆಳಕು ಕಂಡರೆ ಮೊದಲು ಕಿಟಕಿಯಿಂದ ದೂರ ಸರಿಯಿರಿ, ಆಮೇಲೆ ಸೆಕೆಂಡು ಎಣಿಸಿ. ಸದ್ದು ಬಂದಾಗ ಆ ಎಣಿಕೆಯನ್ನು ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿಲೋಮೀಟರ್ ದೂರದಲ್ಲಿತ್ತು ಎಂಬ ಅಂದಾಜು ಸಿಗುತ್ತದೆ.