ಬಂದೂಕು ಹಗುರವಾದಷ್ಟೂ ಒದೆತ ಜೋರು: ಭುಜಕ್ಕೆ ಪೆಟ್ಟು ತಗ್ಗಿಸುವುದು ಹೇಗೆ?

ದೆಹಲಿಯ ತುಘಲಕಾಬಾದ್‌ನ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜ್‌ನಲ್ಲಿ ಟ್ರ್ಯಾಪ್ ಸ್ಪರ್ಧೆಗಿಳಿಯುವವರು ಅರ್ಹತಾ ಸುತ್ತಿನಲ್ಲೇ 125 ಗುರಿಗಳನ್ನು ಎದುರಿಸಬೇಕು. ಪ್ರತಿ ಹೊಡೆತಕ್ಕೂ ಬಂದೂಕು ಭುಜಕ್ಕೆ ಒದೆಯುತ್ತದೆ. ಹಗುರವಾದ ಬಂದೂಕೇ ಸುಲಭ ಎಂದು ಹೊಸಬರಿಗೆ ಅನಿಸಬಹುದು. ಆದರೆ ಒದೆತದ ಲೆಕ್ಕ ತಿರುವುಮುರುವು.

ತೋಟಾದಲ್ಲಿನ 24 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ, 3 ಕೆ.ಜಿ. ಬಂದೂಕು ಸೆಕೆಂಡಿಗೆ 3.2 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಬಂದೂಕು 4 ಕೆ.ಜಿ. ಇದ್ದರೆ ಆ ವೇಗ 2.4 ಮೀಟರ್‌ಗೆ ಇಳಿಯುತ್ತದೆ. ಭುಜಕ್ಕೆ ಬೀಳುವ ಶಕ್ತಿ ಕಾಲು ಭಾಗ ತಗ್ಗುತ್ತದೆ. ಮದ್ದಿನ ಅನಿಲದ ತಳ್ಳುವಿಕೆಯೂ ಸೇರಿ ನಿಜವಾದ ಒದೆತ ಇದಕ್ಕಿಂತ ಹೆಚ್ಚು.

ತೂಕ ಹೆಚ್ಚಿಸಲಾಗದಿದ್ದರೆ ಬೇರೆ ದಾರಿಗಳಿವೆ. ಕಡಿಮೆ ಚರೆಯ ತೋಟಾ ಬಳಸಬಹುದು. ಹಿಡಿಯ ತುದಿಗೆ ಹಾಕುವ ಮೆತ್ತನೆಯ ರಬ್ಬರ್ ಪ್ಯಾಡ್ ಪೆಟ್ಟನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹಂಚುತ್ತದೆ. ಹಿಡಿಯ ಉದ್ದ ಮೈಕಟ್ಟಿಗೆ ಹೊಂದಬೇಕು. ಭುಜಕ್ಕೆ ಒತ್ತಿ ಹಿಡಿಯಬೇಕು. ಸಡಿಲ ಬಿಟ್ಟರೆ ಬಂದೂಕು ವೇಗ ಪಡೆದು ಬಂದು ಗುದ್ದುತ್ತದೆ. ರೈಫಲ್‌ನ ನಳಿಗೆಗೆ ಹಾಕುವ ಮಝಲ್ ಬ್ರೇಕ್ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ಇಳಿಸುತ್ತದೆ, ಆದರೆ ಕಿವಿಗೆ ಬೀಳುವ ಸದ್ದು ಏರುತ್ತದೆ.

ನೋವಿಗಿಂತ ದೊಡ್ಡ ನಷ್ಟ ಅಂಜಿಕೆ. ಪೆಟ್ಟು ಬೀಳುವ ಮೊದಲೇ ಮೈ ಬೆಚ್ಚಿದರೆ ಗುರಿ ತಪ್ಪುತ್ತದೆ.

ವಿದೇಶಗಳಲ್ಲಿ ಜಿಂಕೆ ಬೇಟೆಗೆ ಬಳಸುವ ಹಗುರ ರೈಫಲ್‌ಗಳಿಗೂ ಇದೇ ನಿಯಮ. ಭಾರತದಲ್ಲಿ ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುವುದು ರೇಂಜ್‌ನಲ್ಲಿ.