ಆನೆ ನುಂಗಿದ ಬೇಲದ ಹಣ್ಣು

ಸಂಸ್ಕೃತದಲ್ಲಿ ‘ಗಜಭುಕ್ತ ಕಪಿತ್ಥ ನ್ಯಾಯ’ವೆಂಬುದೊಂದುಂಟು. ಆನೆಯು ನುಂಗಿದ ಬೇಲದ ಹಣ್ಣು ಹೊರಗೆ ಇಡಿಯಾಗಿ ಕಂಡರೂ ಒಳಗೆ ತಿರುಳಿಲ್ಲದೆ ಬರಿದಾಗಿರುವುದೆಂಬುದು ಅದರ ಭಾವ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ನಾವು ಇದನ್ನು ವಿವರಿಸುತ್ತಿದ್ದಾಗ ಹೆಗ್ಗಡದೇವನಕೋಟೆಯ ಕಡೆಯ ಬಾಲಿಕೆಯೊಬ್ಬಳು ಎದ್ದು ನಿಂತು, “ತಿರುಳು ಹೋಯಿತು, ಸರಿ, ಬೀಜವೇನಾಯಿತು, ಅಮ್ಮನವರೇ?” ಎಂದು ಕೇಳಿದಳು. ಅಂದು ನಾವು ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆ ಋಣವನ್ನು ಈ ಸಂಚಿಕೆಯಲ್ಲಿ ತೀರಿಸಲೆಳಸುವೆವು.

ಕಬಿನಿಯ ತೀರದ ಕಾಕನಕೋಟೆಯನ್ನು ನಮ್ಮ ಹಿರಿಯರು ಖೆಡ್ಡಾದ ಮೂಲಕ ಬಲ್ಲರು. ಕಾಡಾನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುವ ಆ ಪದ್ಧತಿಯು 1971ರಲ್ಲಿ ಕೊನೆಗೊಂಡಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ನದೀತೀರದ ಕಾಡಿನಲ್ಲಿ ಬಹುಭಾಗವು ನೀರಿನಲ್ಲಿ ಮುಳುಗಿತು. ಉಳಿದ ಅರಣ್ಯವು ಇಂದು ನಾಗರಹೊಳೆಯ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಬೇಸಗೆಯಲ್ಲಿ ನೂರಾರು ಆನೆಗಳು ಹಿನ್ನೀರಿನ ದಂಡೆಯಲ್ಲಿ ಬಂದು ನೆರೆಯುವುವು. ಅವು ಕಾಡನ್ನು ಮೇಯುವುವೆಂಬುದು ಎಲ್ಲರಿಗೂ ತಿಳಿದದ್ದೇ. ಕಾಡನ್ನು ಬಿತ್ತುವುವೆಂಬುದನ್ನು ಬಲ್ಲವರು ವಿರಳ.

ಬಿತ್ತುವುದೇಕೆ ಅವಶ್ಯವೆಂದರೆ, ತಾಯಿಮರದ ಬುಡದಲ್ಲಿಯೇ ಉದುರಿದ ಬೀಜಕ್ಕೆ ಆಯುಸ್ಸು ಕಡಮೆ. ಅಲ್ಲಿ ನೆರಳು ದಟ್ಟ. ಆ ಜಾತಿಯ ಬೀಜವನ್ನೇ ಕೊರೆಯುವ ಹುಳುಗಳೂ ಸಸಿಗೆ ತಗಲುವ ರೋಗಗಳೂ ಅಲ್ಲಿಯೇ ಹೆಚ್ಚು. ವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ 1970ರಲ್ಲಿಯೂ ಜೋಸೆಫ್ ಕಾನೆಲ್ 1971ರಲ್ಲಿಯೂ ಈ ತತ್ತ್ವವನ್ನು ಮಂಡಿಸಿದರು. ಆದುದರಿಂದ ಬೀಜವು ತವರನ್ನು ಬಿಟ್ಟು ದೂರ ಹೋಗಲೇಬೇಕು. ಹೊನ್ನೆ, ಮತ್ತಿಗಳ ಕಾಯಿಗೆ ರೆಕ್ಕೆಯುಂಟು. ಗಾಳಿಯೇ ಅವಕ್ಕೆ ವಾಹನ. ನೇರಳೆ, ನೆಲ್ಲಿ, ಅತ್ತಿ, ಬೇಲ, ಶ್ರೀಗಂಧಗಳಿಗೆ ಆ ಅನುಕೂಲವಿಲ್ಲ. ಅವು ಸಿಹಿಯನ್ನೋ ಹುಳಿಯನ್ನೋ ಕೂಲಿಯಾಗಿ ಕೊಟ್ಟು ಪ್ರಾಣಿಗಳಿಂದ ಬೀಜವನ್ನು ಹೊರಿಸುವುವು.

ಆನೆಯು ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವನ್ನು ತಿನ್ನುವುದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಜೀರ್ಣವಾಗದು. ಬೇಲದ ಗಟ್ಟಿ ಚಿಪ್ಪನ್ನು ಒಡೆಯಬಲ್ಲ ಈ ಪ್ರಾಣಿಯು ಬೀಜವನ್ನು ಒಂದೆರಡು ದಿನ ಹೊಟ್ಟೆಯಲ್ಲಿ ಹೊತ್ತು, ಮೈಲಿಗಳಾಚೆ ಗೊಬ್ಬರಸಹಿತವಾಗಿ ಇಳಿಸುವುದು. ಜಿಂಕೆಯು ನೆಲ್ಲಿಕಾಯನ್ನು ನುಂಗಿ, ಆಮೇಲೆ ನೆರಳಿನಲ್ಲಿ ಮೆಲುಕು ಹಾಕುವಾಗ ಗಟ್ಟಿಯಾದ ಗೊರಟನ್ನು ಉಗಿದುಬಿಡುವುದು. ಕರಡಿಯು ಕಕ್ಕೆಕಾಯಿಯ ಸಿಹಿ ತಿರುಳಿನೊಡನೆ ಬೀಜವನ್ನೂ ನುಂಗಿ ಅಲ್ಲಲ್ಲಿ ಚೆಲ್ಲುವುದು. ಶ್ರೀಗಂಧದ ವಿಚಾರವಂತೂ ಸೋಜಿಗವಾದುದು. ಅದರ ಸಸಿಯು ಬೇರೆ ಗಿಡದ ಬೇರಿನಿಂದ ಆಹಾರವನ್ನು ಹೀರದೆ ಬೆಳೆಯಲಾರದು. ಅದರ ಕಪ್ಪು ಹಣ್ಣನ್ನು ತಿಂದ ಹಕ್ಕಿಯು ಪೊದೆಯ ಮೇಲೆ ಕುಳಿತು ಹಿಕ್ಕೆ ಹಾಕುವುದರಿಂದ, ಬೀಜವು ಆಶ್ರಯವಿರುವ ಕಡೆಯಲ್ಲಿಯೇ ಬೀಳುವುದು.

ಹಾಗೆಂದು ಹಣ್ಣು ತಿಂಬವರೆಲ್ಲರೂ ಬಿತ್ತುವವರೆಂದು ತಿಳಿಯಬಾರದು. ಹಸಿರು ಪಾರಿವಾಳವು ಅತ್ತಿಯ ಜಾತಿಯ ಬೀಜಗಳನ್ನು ಹೊಟ್ಟೆಯಲ್ಲಿಯೇ ಅರೆದು ಹಾಕುವುದು. ಬಿತ್ತುವ ಹಕ್ಕಿಗಾದರೂ ಒಳ್ಳೆಯ ಬೀಜ, ಕೆಟ್ಟ ಬೀಜವೆಂಬ ವಿವೇಚನೆಯಿಲ್ಲ. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಹೂವಿನ ಚೆಲುವಿಗೆ ಮರುಳಾಗಿ ಶಾಲೆಯ ಬೇಲಿಗೆ ಲಂಟಾನವನ್ನು ನೆಡಿಸಿದ್ದೆವು. ಎರಡು ವರ್ಷದೊಳಗಾಗಿ ಪಿಕಳಾರಗಳು ಕುಳಿತುಕೊಳ್ಳುವ ಮಾವಿನಮರದ ಕೆಳಗೆಲ್ಲ ಅದೇ ಗಿಡ! ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ಬಂದ ಈ ಗಿಡವು ಹೀಗೆಯೇ ನಾಗರಹೊಳೆಯ ಕಾಡನ್ನೂ ಹೊಕ್ಕು, ಹುಲ್ಲನ್ನೂ ಎಳೆಯ ಸಸಿಗಳನ್ನೂ ಅಡಗಿಸುತ್ತಿದೆ. ನಮ್ಮ ಬೇಲಿಯನ್ನು ಬೇರುಸಹಿತ ಕೀಳಿಸಲು ಮೂರು ಮಳೆಗಾಲಗಳು ಹಿಡಿದವು.

ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹಿತ್ತಿಲಿನ ಹಣ್ಣು ಕಾಡಿನವರೆಗೂ ಹೋಗಬಲ್ಲುದು. ಮನೆಯಂಗಳದಲ್ಲಿ ಲಂಟಾನವಿದ್ದರೆ ಹಣ್ಣಾಗುವ ಮೊದಲೇ ತೆಗೆಯಿಸಿರಿ. ಆ ಸ್ಥಳದಲ್ಲಿ ನೆಲ್ಲಿಯನ್ನೋ ನೇರಳೆಯನ್ನೋ ನೆಡಿರಿ. ಕಾಡಿಗೆ ಹೋದಾಗ ಪ್ರಾಣಿಗಳನ್ನು ಬೆದರಿಸದಂತೆ ಮಕ್ಕಳಿಗೆ ಕಲಿಸಿರಿ.

ಅಂದು ಪ್ರಶ್ನೆ ಕೇಳಿದ ಬಾಲಿಕೆಯು ಇಂದು ಎರಡು ಮಕ್ಕಳ ತಾಯಿ. ಈ ಸಂಚಿಕೆಯು ಅವಳ ಕೈಯನ್ನೂ ಸೇರುವುದು. ಅವಳಿಗೆ ನಮ್ಮ ಉತ್ತರವಿದು: ಮಗೂ, ಬೀಜವು ಮರವಾಗಲು ಹೊರಟಿತು. ಆನೆ, ಜಿಂಕೆ, ಕರಡಿ, ಹಕ್ಕಿಗಳಿಲ್ಲದ ಕಾಡಿನಲ್ಲಿ ಹಳೆಯ ಮರಗಳು ಬಹುಕಾಲ ನಿಂತಿರಬಹುದು; ಆದರೆ ಅವುಗಳಲ್ಲಿ ಅನೇಕಕ್ಕೆ ಸಂತಾನವಿರದು. ಹೊರಗೆ ಇಡಿಯಾಗಿ ಕಂಡು ಒಳಗೆ ಬರಿದಾಗಿರುವುದು ಅಂಥ ಕಾಡೇ ಹೊರತು ಆನೆ ನುಂಗಿದ ಬೇಲವಲ್ಲ.