ನಾವೆಲ್ಲರೂ ಹಂಚಿಕೊಳ್ಳುವ ಉಸಿರು

ಕಳೆದ ಬೇಸಿಗೆಯ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬಳು ಎಂಟು ವರ್ಷದ ಮಗನ ಕೈಹಿಡಿದು ನಮ್ಮ ಬಳಿಗೆ ಬಂದಳು. “ಫಾದರ್, ಅಜ್ಜಿ ಮನಿಗಿ ಕಮಲಾಪುರಕ್ಕ ಹೋದ್ರ ಇವನ ಕೆಮ್ಮು ಕಡಿಮಿ ಆಗ್ತದ. ಕಲಬುರಗಿಗಿ ಬಂದ ಎರಡ ದಿನಕ್ಕ ಮತ್ತ ಚಾಲೂ ಆಗ್ತದ. ಯಾಕ್ರೀ?” ಎಂದು ಕೇಳಿದಳು. ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸುವುದು ನಮಗೆ ಸುಲಭವಾಗಿತ್ತು. ಆದರೆ ಆಕೆ ಕೇಳಿದ್ದು ಕಾರಣವನ್ನು. ಮೊದಲು ವೈದ್ಯರ ಬಳಿಗೆ ಹೋಗುವಂತೆ ತಿಳಿಸಿದೆವು. ಬಳಿಕ ಆ ಪ್ರಶ್ನೆಯ ಬೆನ್ನು ಹತ್ತಿದೆವು. ಒಬ್ಬ ಬಾಲಕನ ಕೆಮ್ಮಿಗೆ ಕಾರಣಗಳು ಹಲವಿರಬಹುದು. ಆದರೂ ನಮ್ಮ ನಗರದ ಗಾಳಿಯನ್ನು ಪ್ರಶ್ನಿಸದೆ ಬಿಡುವಂತಿಲ್ಲ.

2019ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟದಲ್ಲಿ ರಾಷ್ಟ್ರೀಯ ಮಿತಿಯನ್ನು ಪಾಲಿಸಲಾಗದ 102 ನಗರಗಳನ್ನು ಗುರುತಿಸಿತು. ಕರ್ನಾಟಕದಿಂದ ಅದರಲ್ಲಿ ಸೇರಿದ್ದು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ನಮ್ಮ ಕಲಬುರಗಿ. ಮಹಾನಗರಗಳ ಹೊಗೆಯನ್ನು ಕುರಿತು ಓದಿ ಮರುಕಪಡುತ್ತಿದ್ದ ನಮಗೆ ಇದು ಕಣ್ಣು ತೆರೆಸಬೇಕಾದ ಸಂಗತಿ. ಮಳೆ ಕಡಿಮೆಯಾದ, ಬಿಸಿಲು ಹೆಚ್ಚಾದ ಈ ನಾಡಿನಲ್ಲಿ ಒಣಗಿದ ಮಣ್ಣು ವಾಹನಗಳ ಗಾಲಿಗಳಡಿ ಪುಡಿಯಾಗಿ ಮೇಲೇಳುತ್ತದೆ. ಅದರೊಡನೆ ಡೀಸೆಲ್ ಹೊಗೆ, ಕಟ್ಟಡ ಕೆಲಸದ ಧೂಳು, ಬೇಳೆ ಮಿಲ್ಲುಗಳ ಹೊಟ್ಟು, ಓಣಿಯ ಮೂಲೆಯಲ್ಲಿ ಉರಿಯುವ ಕಸ ಇವೆಲ್ಲವೂ ಸೇರಿಕೊಳ್ಳುತ್ತವೆ. ಚಳಿಗಾಲದ ಮುಂಜಾನೆಗಳಲ್ಲಿ ತಂಪಾದ ಗಾಳಿ ನೆಲದ ಮೇಲೆ ಸ್ಥಿರವಾಗಿ ನಿಲ್ಲುವುದರಿಂದ ಈ ಮಾಲಿನ್ಯವು ಮೇಲೇರದೆ ನಮ್ಮ ಮೂಗಿನ ಮಟ್ಟದಲ್ಲಿಯೇ ಉಳಿಯುತ್ತದೆ.

ಈ ಕಣಗಳು ದೇಹದಲ್ಲಿ ಮಾಡುವುದೇನು? ಸೃಷ್ಟಿಕರ್ತನು ನಮ್ಮ ಉಸಿರಿನ ದಾರಿಯಲ್ಲಿ ಕಾವಲುಗಾರರನ್ನು ಇರಿಸಿದ್ದಾನೆ. ಮೂಗಿನ ಕೂದಲುಗಳು ದಪ್ಪ ಧೂಳನ್ನು ತಡೆಯುತ್ತವೆ. ಶ್ವಾಸನಾಳದ ಒಳಗೋಡೆಯ ಲೋಳೆಯು ಮತ್ತಷ್ಟನ್ನು ಹಿಡಿದಿಡುತ್ತದೆ. ಅಲ್ಲಿಯ ಸೂಕ್ಷ್ಮ ರೋಮಗಳು ಬೀಸುತ್ತ ಬೀಸುತ್ತ ಅದನ್ನು ಗಂಟಲಿಗೆ ತಳ್ಳುತ್ತವೆ. ನಾವು ಅದನ್ನು ಕೆಮ್ಮಿ ಹೊರಹಾಕುತ್ತೇವೆ ಇಲ್ಲವೆ ನುಂಗುತ್ತೇವೆ. ಆದರೆ 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣವು ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕದು. ಅದು ಈ ಕಾವಲನ್ನು ತಪ್ಪಿಸಿ, ರಕ್ತಕ್ಕೆ ಆಮ್ಲಜನಕ ದೊರೆಯುವ ಪುಟ್ಟ ಗಾಳಿಚೀಲಗಳನ್ನೇ ತಲುಪುತ್ತದೆ. ಅಲ್ಲಿರುವ ರಕ್ಷಕ ಕೋಶಗಳು ಅದನ್ನು ನುಂಗಲು ಹೋರಾಡುವಾಗ ಉರಿಯೂತ ಉಂಟಾಗುತ್ತದೆ. ಅತಿ ಸೂಕ್ಷ್ಮ ಕಣಗಳು ರಕ್ತವನ್ನೂ ಸೇರುತ್ತವೆ. ಆದ್ದರಿಂದಲೇ ಹೊಲಸು ಗಾಳಿಯು ಕೆಮ್ಮು, ಅಸ್ತಮಾಗಳ ಜೊತೆಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತಾರೆ; ಅವರ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ಆಗ ಕುಂಠಿತವಾದದ್ದು ಮುಂದೆ ಪೂರ್ಣವಾಗಿ ತುಂಬಿ ಬರುವುದು ಕಷ್ಟ.

ಸುರಕ್ಷತೆಯ ಮಿತಿ ಎಷ್ಟು? ಈ ಸೂಕ್ಷ್ಮ ಕಣಗಳಿಗೆ 2009ರಲ್ಲಿ ನಮ್ಮ ದೇಶವು ನಿಗದಿಪಡಿಸಿದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ್ದು ಕೇವಲ 5. ಹಾಗಾದರೆ ಕಾನೂನಿನ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಗಾಳಿಯು ನಿರಪಾಯವೆಂದು ಭಾವಿಸಲಾಗದು.

ಕಮಲಾಪುರವೂ ಸ್ವರ್ಗವಲ್ಲ. ಕೆಂಪು ಬಾಳೆಗೆ ಹೆಸರಾದ ಆ ಊರಿನ ತೋಟಗಳ ನಡುವೆ ಗಾಳಿ ಹಗುರವೆನಿಸುವುದು ನಿಜ. ಆದರೆ ಹುಮನಾಬಾದ್ ರಸ್ತೆಯ ಲಾರಿಗಳು ಅಲ್ಲಿಯೂ ಓಡುತ್ತವೆ. ಕಟ್ಟಿಗೆಯ ಒಲೆಯ ಮುಂದೆ ಕುಳಿತ ತಾಯಂದಿರು ಅದೇ ಬಗೆಯ ಕಣಗಳನ್ನು ಉಸಿರಾಡುತ್ತಾರೆ. 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಈ ಎರಡನ್ನೂ ಒಟ್ಟಿಗೆ ನೆನೆದು, ಇದರ ಹೊರೆ ಬಡವರ ಮೇಲೆಯೇ ಹೆಚ್ಚು ಬೀಳುತ್ತದೆ ಎಂದು ಎಚ್ಚರಿಸಿದ್ದರು. ಯೌವನದಲ್ಲಿಯೇ ಶ್ವಾಸಕೋಶದ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ಕಳೆದುಕೊಂಡಿದ್ದ ಅವರಿಗೆ ಉಸಿರಿನ ಬೆಲೆ ತಿಳಿದಿತ್ತು.

ತತ್ತ್ವಶಾಸ್ತ್ರದಲ್ಲಿ ‘ಸರ್ವಹಿತ’ ಎಂಬ ಮಾತಿದೆ: ಎಲ್ಲರದೂ ಆದ, ಒಬ್ಬನು ತನಗಾಗಿ ಬೇಲಿ ಹಾಕಿಕೊಳ್ಳಲಾಗದ ಒಳಿತು. ನೀರಿಗೆ ಬಾವಿ ತೋಡಿಸಬಹುದು, ಅನ್ನಕ್ಕೆ ಕಣಜ ಕಟ್ಟಿಸಬಹುದು. ಬೀದಿಗೆ ಕಾಲಿಟ್ಟ ಮೇಲೆ ಶ್ರೀಮಂತನೂ ಸಂಚಾರಿ ಪೊಲೀಸನೂ ಒಂದೇ ಗಾಳಿಯನ್ನು ಸೇವಿಸಬೇಕು. ಶ್ರೀಮಂತನು ಗಾಜು ಏರಿಸಿಕೊಂಡು ಹೋಗುತ್ತಾನೆ, ಪೊಲೀಸನು ಅಲ್ಲಿಯೇ ನಿಲ್ಲುತ್ತಾನೆ. ಅನ್ಯಾಯವಿರುವುದು ಇಲ್ಲಿ.

ಇಷ್ಟನ್ನು ಬರೆಯುವಾಗ ನಮ್ಮ ಅಂಗಳವನ್ನು ಮರೆಯಲಾಗಲಿಲ್ಲ. ದೇವಾಲಯದ ಬೇವಿನ ಎಲೆಗಳನ್ನು ಗುಡಿಸಿ, ಪ್ಲಾಸ್ಟಿಕ್ ಸಮೇತ ಸುಡಿಸುತ್ತಿದ್ದವರು ನಾವೇ. ಹೊಗೆ ಹೋಗುತ್ತಿದ್ದುದು ಗೋಡೆಯಾಚೆಯ ಮನೆಗಳಿಗೆ. ಆ ಬಾಲಕನ ಮನೆಯೂ ಅವುಗಳಲ್ಲಿ ಒಂದು. ಅದನ್ನು ನಿಲ್ಲಿಸಿದ್ದೇವೆ, ಎಲೆಗಳು ಈಗ ಗುಂಡಿಯಲ್ಲಿ ಗೊಬ್ಬರವಾಗುತ್ತಿವೆ. ಕಿಟಕಿಗಳನ್ನು ತೆರೆದಿಟ್ಟೇ ಧೂಪ ಹಾಕುತ್ತೇವೆ, ಅದೂ ಮಿತವಾಗಿ. “ಹಬ್ಬಕ್ಕ ಧೂಪ ಕಡಿಮಿ ಆಯ್ತು” ಎಂದು ಹಿರಿಯರೊಬ್ಬರು ಬೇಸರಪಟ್ಟರು. ಅಸ್ತಮಾದಿಂದಾಗಿ ಹಬ್ಬದ ಪೂಜೆಗೆ ಹೊರಗೇ ನಿಲ್ಲುತ್ತಿದ್ದ ಅಜ್ಜಿಯೊಬ್ಬರು ಈಗ ಒಳಗೆ ಕುಳಿತಿರುವುದನ್ನು ಅವರಿಗೆ ತೋರಿಸಿದೆವು.

ಪ್ರಿಯ ಓದುಗರೇ, ಮನೆಯ ಮುಂದೆ ನೀರು ಚಿಮುಕಿಸಿ ಗುಡಿಸಿರಿ. ಕಸವನ್ನು ಸುಡದೆ ಪಾಲಿಕೆಯ ಗಾಡಿಗೆ ಕೊಡಿರಿ. ಮುಖಕ್ಕೆ ಸುತ್ತಿದ ಟವೆಲ್ ಸೂಕ್ಷ್ಮ ಕಣಗಳನ್ನು ತಡೆಯಲಾರದು. ರಸ್ತೆಯಲ್ಲಿ ದುಡಿಯುವವರು ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಧರಿಸುವುದು ಲೇಸು. ಇನ್‌ಹೇಲರ್ ಚಟವಾಗುತ್ತದೆಂಬ ಭಯದಿಂದ ಮಕ್ಕಳಿಗೆ ವೈದ್ಯರು ಬರೆದ ಔಷಧಿಯನ್ನು ನಿಲ್ಲಿಸಬೇಡಿರಿ, ಅದು ಚಟವಾಗುವುದಿಲ್ಲ. ರಸ್ತೆಯ ಧೂಳಿನ ಬಗ್ಗೆ ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿರಿ.

ಹೀಬ್ರೂ ಭಾಷೆಯಲ್ಲಿ ಗಾಳಿ, ಉಸಿರು, ಆತ್ಮ ಈ ಮೂರಕ್ಕೂ ಒಂದೇ ಪದವಿದೆ: ರುವಾಹ್. ಗುರುಮಠದಲ್ಲಿ ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥವನ್ನು ಕಲಿಸಿದ್ದು ಮಾತ್ರ ಒಬ್ಬ ಬಾಲಕನ ಕೆಮ್ಮು.